ಅಮ್ಮನ ಎರಡನೇ ಕ್ಯಾಸೆಟ್

ಆಗೆಲ್ಲ ಒಂದು ಹಾಡು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ಯಾರಾದರೂ ಅದನ್ನು ಕೈಯಲ್ಲಿ ಹಿಡಿದುಕೊಂಡು ನಡೆದೇ ಹೋಗಬೇಕಿತ್ತು. ಆ ನಡೆಯುವ ಕೆಲಸ ಹೆಚ್ಚಾಗಿ ನಮ್ಮಂಥ ಮಕ್ಕಳ ಪಾಲಿಗೆ ಬರುತ್ತಿತ್ತು. ಗಂಗೊಳ್ಳಿಯ ನಮ್ಮ ಕೇರಿಯಲ್ಲಿದ್ದ ಟೇಪ್ ರೆಕಾರ್ಡರುಗಳೆಲ್ಲ ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವವರು ಊರಿಗೆ ಬಂದಾಗ ತಂದಿಟ್ಟು ಹೋದಂಥವು. ರೀಲು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುವುದು, ಮಳೆಗಾಲದಲ್ಲಿ ಬಿಳಿ ಬೂಷ್ಟು ಹಿಡಿಯದಂತೆ ಕ್ಯಾಸೆಟ್ಟನ್ನು ಒಲೆಯ ಪಕ್ಕದ ಗೂಡಿನಲ್ಲಿಡುವುದು, ಹಳೆಯ ಸಿನಿಮಾ ಹಾಡಿನ ಕ್ಯಾಸೆಟ್ಟಿನ ತಲೆಯ ತೂತಿಗೆ ಅಂಟುಪಟ್ಟಿ ಹಚ್ಚಿ ಅದರ ಮೇಲೆ ಬೇರೆ ಹಾಡು ತುಂಬಿಸುವುದು, ಇವೆಲ್ಲ ನಮಗೆ ಲಗೋರಿ ಆಡಿದಷ್ಟೇ ಸಲೀಸಾಗಿ ಬರುತ್ತಿತ್ತು.

ಒಂದು ಕ್ಯಾಸೆಟ್ಟಿನಿಂದ ಇನ್ನೊಂದನ್ನು ಮಾಡುವುದೆಂದರೆ ಮನೆಯಲ್ಲಿ ಒಂದು ಸಣ್ಣ ಪೂಜೆಯಿದ್ದ ಹಾಗೆ. ಎರಡು ಟೇಪುಗಳನ್ನು ಚಾವಡಿಯಲ್ಲಿ ಮುಖಾಮುಖಿ ಕೂರಿಸಬೇಕು. ಬಾಗಿಲು, ಕಿಟಕಿ ಹಾಕಬೇಕು. ಮಕ್ಕಳನ್ನು ಅಂಗಳಕ್ಕೆ ಅಟ್ಟಬೇಕು, ಅಜ್ಜಂದಿರನ್ನು ಕೆಮ್ಮಬೇಡಿ ಎಂದು ಬೇಡಿಕೊಳ್ಳಬೇಕು. ಇಷ್ಟೆಲ್ಲ ಮಾಡಿದರೂ ಹಾಡಿನ ಜೊತೆಗೆ ಆ ಮನೆಯೂ ಸ್ವಲ್ಪ ಕ್ಯಾಸೆಟ್ಟಿನೊಳಗೆ ಹೋಗಿ ಕೂರುತ್ತಿತ್ತು. ಒಂದು ಮನೆಯ ಕ್ಯಾಸೆಟ್ಟಿನಲ್ಲಿ ಕುಕ್ಕರಿನ ಸೀಟಿ, ಇನ್ನೊಂದರಲ್ಲಿ ಹುಂಜ, ಮತ್ತೊಂದರಲ್ಲಿ ಬಂದರಿನ ದಕ್ಕೆಯಿಂದ ಬಂದ ಬೋಟಿನ ಹಾರನ್ ಸದ್ದು. ಯಾರಿಗೂ ಅದರಿಂದ ಬೇಸರವಿರಲಿಲ್ಲ.

ನಾನು ಹೇಳಹೊರಟಿರುವುದು ನನ್ನ ಅಮ್ಮನ ಹಾಡು ಹೀಗೆ ಊರು ತುಂಬಿದ ಕಥೆ, ಮತ್ತು ಅದೇ ಕಾರಣಕ್ಕೆ ಅಮ್ಮನ ಉಳಿದ ಹಾಡು ನಮ್ಮ ಕೈತಪ್ಪಿದ ಕಥೆ. ಎರಡು ಸಾವಿರದ ಇಸವಿಯ ಆಚೀಚೆ, ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷದ ಮಳೆಗಾಲ ಅದು.

ಅಮ್ಮನ ಹೆಸರು ಗುಲಾಬಿ. ಮೀನಿನ ವ್ಯಾಪಾರ ಅವಳದು. ಬೆಳಿಗ್ಗೆ ಬಂದರಿನಲ್ಲಿ ಹೆಡಿಗೆ ತುಂಬ ಬಂಗುಡೆಯೋ ಚಟ್ಲಿಯೋ ತುಂಬಿಸಿಕೊಂಡು ದೋಣಿಯಲ್ಲಿ ಹೊಳೆ ದಾಟಿ ಕುಂದಾಪುರದ ಓಣಿಗಳಲ್ಲಿ ಕೂಗುತ್ತ ಹೋಗುವಳು. ಅಪ್ಪಯ್ಯ ಬಂದರಿನ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದರು. ಅಮ್ಮನಿಗೆ ಹೆಸರು ಬಂದದ್ದು ಮಾತ್ರ ಮೀನಿನಿಂದ ಅಲ್ಲ, ಶೋಭಾನೆಯಿಂದ. ಮದುವೆ ಮನೆಯಲ್ಲಿ ಅರಿಶಿನ ಹಚ್ಚುವುದರಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ ಹೊತ್ತು ಹೊತ್ತಿಗೆ ಒಂದೊಂದು ಹಾಡಿರುತ್ತದಲ್ಲ, ಅವೆಲ್ಲ ಅವಳ ಬಾಯಲ್ಲಿದ್ದವು. ಬೀಜಾಡಿ, ತ್ರಾಸಿ, ಕೋಟದ ಕಡೆಯಿಂದಲೂ ಕರೆ ಬರುತ್ತಿತ್ತು. ಹಾಡಿದವಳಿಗೆ ಎಲೆಯಡಿಕೆ, ತೆಂಗಿನಕಾಯಿ, ಒಂದು ರವಿಕೆ ಕಣ ಕೊಡುತ್ತಿದ್ದರು. ದುಡ್ಡು ಯಾರೂ ಕೊಡುತ್ತಿರಲಿಲ್ಲ, ಇವಳು ಕೇಳುತ್ತಲೂ ಇರಲಿಲ್ಲ. ಕೊಟ್ಟಿದ್ದರೆ ಎದ್ದು ಬರುತ್ತಿದ್ದಳು.

ಕುಂದಾಪುರದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಶೇಖರಣ್ಣ ಒಂದು ಮದುವೆಯಲ್ಲಿ ಅಮ್ಮನ ಹಾಡು ಕೇಳಿ ಬೆನ್ನುಹತ್ತಿದರು. ಊರಿನ ಹಾಡುಗಳನ್ನು ತಾವೇ ಕ್ಯಾಸೆಟ್ ಮಾಡಿ ಹೊರತರುವ ಹುಚ್ಚು ಅವರಿಗೆ. ಅಮ್ಮನನ್ನು ಬ್ರಹ್ಮಾವರದ ಒಂದು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ, ಗೋಡೆಗೆಲ್ಲ ಗೋಣಿ ಹೊಡೆದ ಕೋಣೆಯಲ್ಲಿ ಕೂರಿಸಿ ಹಾಡಿಸಿದರು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ‘ಗುಲಾಬಿ ಮತ್ತು ಸಂಗಡಿಗರು’ ಎಂದು ಅಚ್ಚಾಯಿತು. ಸಂಗಡಿಗರು ಎಂದರೆ ಹಿಂದಿನಿಂದ ಸೊಲ್ಲು ಕೊಡಲು ಹೋಗಿದ್ದ ನನ್ನ ಚಿಕ್ಕಮ್ಮ ಒಬ್ಬಳೇ. ಚಿತ್ರದಲ್ಲಿದ್ದ ಮದುಮಗಳೋ, ಯಾವ ಕ್ಯಾಲೆಂಡರಿನಿಂದ ಕತ್ತರಿಸಿದವಳೋ ಏನೋ, ನಮ್ಮ ಕಡೆಯವಳಂತೂ ಅಲ್ಲ. ಒಂದೇ ಕ್ಯಾಸೆಟ್ಟಿನಲ್ಲಿ ಇಡೀ ಮದುವೆ ಹಿಡಿಸುವುದಿಲ್ಲ. ಹಾಗಾಗಿ ಅರಿಶಿನದಿಂದ ಧಾರೆಯವರೆಗೆ ಭಾಗ ಒಂದು, ಅಲ್ಲಿಂದ ಹೆಣ್ಣು ಒಪ್ಪಿಸುವವರೆಗೆ ಭಾಗ ಎರಡು ಎಂದು ಮಾತಾಗಿತ್ತು.

ಹೊದಿಕೆಯ ಒಳಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಇದನ್ನು ನಕಲು ಮಾಡುವುದು ಅಪರಾಧ. ನಮ್ಮ ಕೇರಿಯಲ್ಲಿ ಅದನ್ನು ಓದಿದವಳು ನಾನೊಬ್ಬಳೇ ಇರಬೇಕು. ಅಪ್ಪಯ್ಯನಿಗೆ ಓದಿ ಹೇಳಿದೆ. “ಅದ್ ದೊಡ್ಡ್ ದೊಡ್ಡ್ ಕಂಪೆನಿಯವ್ರಿಗ್ ಬರ್ದದ್ದ್ ಮಗಾ. ನಮ್ದ್ ನಾವೇ ಹಾಡದ್ದಲ್ದಾ,” ಎಂದರು ಅಪ್ಪಯ್ಯ.

ಅಮ್ಮನ ತಿಳಿವಳಿಕೆಯೂ ಅದೇ. ಶೇಖರಣ್ಣ ಗೌರವಕ್ಕೆಂದು ಕೊಟ್ಟ ಕೆಲವು ಕ್ಯಾಸೆಟ್ಟುಗಳನ್ನು ಅವಳು ಮೀನಿನ ಹೆಡಿಗೆಯ ಮೂಲೆಯಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟುಕೊಂಡಳು. ಮೀನು ಮಾರುವವರು ಎಣಿಸಿ ಕೊಟ್ಟ ಮೇಲೆ ಒಂದು ಮೀನು ಹೆಚ್ಚಿಗೆ ಹಾಕುತ್ತಾರೆ. ಕೊಸರು ಹಾಕದ ಹೆಂಗಸಿನ ಹತ್ತಿರ ಯಾರೂ ಎರಡನೇ ಸಲ ಬರುವುದಿಲ್ಲ. ಅಮ್ಮ ತನ್ನ ಕಾಯಂ ಮನೆಗಳಿಗೆಲ್ಲ ಬಂಗುಡೆಯ ಕೊಸರಿನ ಜೊತೆಗೆ ಕ್ಯಾಸೆಟ್ಟನ್ನೂ ಕೊಟ್ಟಳು. “ಇದೂ ಕೊಸ್ರೇ ಅಂದೇಳಿ ತಿಳ್ಕಣಿ. ಕೇಂಡ್ಕಂಡ್ ವಾಪಾಸ್ ಕೊಡಿ. ಬೇಕಾರೆ ನೀವೊಂದ್ ಮಾಡಿ ಇಟ್ಕಣಿ,” ಎನ್ನುತ್ತಿದ್ದಳು. ಮರಳಿ ಬಂದದ್ದು ಮರುದಿನ ಇನ್ನೊಂದು ಮನೆಗೆ. ಕೇರಿಯೊಳಗಿನ ಸಾಗಾಟ ನನ್ನದು. ಎಲ್ಲ ಮನೆಯಲ್ಲೂ ಕೈಗೆ ಏನಾದರೂ ತಿನ್ನಲು ಸಿಗುತ್ತಿತ್ತು, ಹಲಸಿನ ಹಣ್ಣಿನ ಕಡುಬೋ, ಬೆಲ್ಲದ ತುಂಡೋ. ಮೀನಿನ ವಾಸನೆ ಹೊಡೆಯುವ ಆ ಕ್ಯಾಸೆಟ್ಟುಗಳ ಜೊತೆ ನಾನೂ ಊರಿಗೆಲ್ಲ ಬೇಕಾದವಳಾದೆ.

ಆ ಬೇಸಿಗೆಯಲ್ಲಿ ಅಮ್ಮನ ದನಿ ನಮ್ಮ ಊರಿನ ಗಾಳಿಯಲ್ಲೇ ಇತ್ತು. ಬಲೆ ಹೆಣೆಯುವ ಚಪ್ಪರದಲ್ಲಿ, ಬೋಟಿನೊಳಗೆ, ಬಸ್ಸಿನಲ್ಲಿ. ಆಳಸಮುದ್ರಕ್ಕೆ ಹೋದ ಬೋಟಿನವರು ಮೀನುಗಾರಿಕೆ ನಡುವೆ ಮದುವೆ ಹಾಡು ಕೇಳುತ್ತಾರೆ ಎಂದು ಅಪ್ಪಯ್ಯ ಹೇಳಿ ನಗುತ್ತಿದ್ದರು. ಅಷ್ಟು ಸಂತೋಷದ ದಿನಗಳು ನಮ್ಮ ಮನೆಯಲ್ಲಿ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಅಮ್ಮನ ಗಂಟಲು ಕಟ್ಟಿತು. ಮಾವಿನ ಹಣ್ಣು ತಿಂದದ್ದಕ್ಕೆ ಎಂದರು, ಕೂಗಿ ಕೂಗಿ ಎಂದರು, ಕಾಳುಮೆಣಸಿನ ಕಷಾಯ ಕುಡಿಸಿದರು. ಒಡೆದ ದನಿ ಸರಿಹೋಗಲಿಲ್ಲ. ಊರಿನ ಡಾಕ್ಟರು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ನಳಿಗೆ ಇಳಿಸಿ ನೋಡಿ, ಚೂರು ತೆಗೆದು ಪರೀಕ್ಷೆ ಮಾಡಿ, ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಇದೆ, ಆಪರೇಷನ್ ಆಗಲೇಬೇಕು, ತಡ ಮಾಡುವ ಹಾಗಿಲ್ಲ ಎಂದರು. ಜೀವಕ್ಕೆ ಭಯ ಬೇಡ, ಆದರೆ ದನಿ ಉಳಿಯುವುದಿಲ್ಲ. ಪಿಸುಮಾತು ಬಂದರೆ ಅದೇ ಹೆಚ್ಚು.

ಆಪರೇಷನ್ನಿಗೆ ದಿನ ಕೊಟ್ಟದ್ದು ಆಷಾಢದ ನಡುವೆ. ಬೋಟುಗಳೆಲ್ಲ ದಡ ಹತ್ತಿ ಕೂತಿದ್ದವು, ಮೀನಿಲ್ಲ, ಐಸ್ ಪ್ಲಾಂಟು ಬಂದಾಗಿತ್ತು. ಆಷಾಢದಲ್ಲಿ ಮದುವೆಗಳೂ ಇಲ್ಲ. ಗಂಜಿಗೆ ಒಣಮೀನು ಸುಟ್ಟುಕೊಂಡು, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ ಮಾಡಿಕೊಂಡು, ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಉಣ್ಣುತ್ತಿದ್ದೆವು. ಅಮ್ಮ ಒಂದು ಮಾತು ಖಡಾಖಂಡಿತವಾಗಿ ಹೇಳಿದ್ದಳು: ಗಂಟಲಿನ ಸುದ್ದಿ ಹೊರಗೆ ಹೋಗಕೂಡದು. ಡಾಕ್ಟರು ಹೇಳಿದ್ದನ್ನು ಅವಳು ಪೂರ್ತಿ ನಂಬಿರಲಿಲ್ಲ. ಗುಣವಾಗಿ ಬಂದ ಮೇಲೆ, ರೋಗದ ಗಂಟಲಿನವಳು ಎಂದು ಯಾರೂ ಶುಭಕಾರ್ಯಕ್ಕೆ ಕರೆಯದೆ ಹೋದರೆ ಎಂಬ ಭಯ ಅವಳಿಗೆ.

ಅಪ್ಪಯ್ಯ ಮಾತ್ರ ನಂಬಿದ್ದರು. ಆಪರೇಷನ್ನಿನ ದಿನ ಗೊತ್ತಾದ ಮರುದಿನವೇ ನನ್ನನ್ನು ಕರೆದುಕೊಂಡು ಹೊಳೆ ದಾಟಿ ಶೇಖರಣ್ಣನ ಅಂಗಡಿಗೆ ಹೋದರು. ಅವರೊಬ್ಬರಿಗೆ ನಿಜ ಹೇಳಿದರು. “ಆಪರೇಷನ್ ಆಪುಕ್ ಮುಂಚೆ ಭಾಗ ಎರಡ್ ಒಂದ್ ಮಾಡ್ಸಿ ಮಾರಾಯ್ರೆ. ಆಮೇಲ್ ಅವ್ಳ್ ಹಾಡುದಿಲ್ಲೆ.”

ಶೇಖರಣ್ಣ ಮೇಜಿನ ಕೆಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದರು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಎಲ್ಲದರಲ್ಲೂ ಆ ಕ್ಯಾಲೆಂಡರ್ ಮದುಮಗಳು. “ಗುಲಾಬಕ್ಕನ್ ಹಾಡ್ ಕೇಣದ್ ಮನಿ ಈ ಊರಂಗೆ ಒಂದಿಲ್ಲೆ. ಕ್ಯಾಸೆಟ್ ಮಾತ್ರ ಇಲ್ಲೇ ಕೂತಿತ್, ಕಾಣಿ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ಸ್ಟುಡಿಯೋದವ್ರಿಗ್ ದುಡ್ಡ್ ಬಾಕಿ ಇತ್ತ್. ನನ್ ಮುಖ ಕಂಡ್ರೆ ಈಗ ಬಾಗ್ಲ್ ಹಾಕ್ತ್ರ್. ಇದಿಷ್ಟ್ ಖಾಲಿ ಆಯ್ಲಿ, ಮರ್ದಿನವೇ ಅವ್ರನ್ನ್ ಕರ್ಕಂಡ್ ಹೋತೆ. ದೇವ್ರಾಣೆ.”

ಅಪ್ಪಯ್ಯ ಎರಡು ಕೈಚೀಲಗಳ ತುಂಬ ಕ್ಯಾಸೆಟ್ ತುಂಬಿಸಿಕೊಂಡರು. ಒಂದು ಚೀಲ ನನ್ನ ಹೆಗಲಿಗೆ. ಮರಳುವಾಗ ದೋಣಿಯಲ್ಲಿ ಇಬ್ಬರೂ ಒಂದೇ ಕೊಡೆಯಡಿ ಕೂತು ಚೀಲಗಳನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡೆವು. ನಾವು ಒದ್ದೆಯಾದರೂ ಅವು ಒದ್ದೆಯಾಗಬಾರದಿತ್ತು.

ಮರುದಿನದಿಂದ, ಅಮ್ಮನಿಗೆ ತಿಳಿಯದ ಹಾಗೆ, ಅವನ್ನು ಮಾರಲು ಮನೆ ಮನೆ ತಿರುಗಿದೆವು. ಮೊದಲು ಹೋದದ್ದು ಜಲಜಕ್ಕನ ಮನೆಗೆ. ಅಮ್ಮನಿಗೆ ಎಷ್ಟೋ ವರ್ಷದ ಗೆಳತಿ ಅವಳು. ನಾವು ಅಂಗಳ ಹೊಗುವಾಗಲೇ ಒಳಗೆ ಅಮ್ಮ ಹಾಡುತ್ತಿದ್ದಳು, ನಡುನಡುವೆ ಜಲಜಕ್ಕನ ಹುಂಜ ಕೂಗುತ್ತಿತ್ತು. ಅಪ್ಪಯ್ಯ ಚೀಲದಿಂದ ಹೊಸ ಕ್ಯಾಸೆಟ್ ತೆಗೆದರು.

“ಎಂತಕ್ ಹೊಸ್ತ್? ನಮ್ಮನಿಯಂಗ್ ಇತ್ತಲೆ,” ಎಂದಳು ಜಲಜಕ್ಕ. ಆಮೇಲೆ ನನ್ನ ಕಡೆ ತಿರುಗಿ, “ಕೂಕೊ ಹೆಣೆ. ನಿನ್ನ್ ಅಮ್ಮನ್ ದನಿ ಕೇಂಡ್ರೆ ನಂಗೆ ಕಣ್ಣಂಗೆ ನೀರ್ ಬತ್ತ್,” ಎಂದು ಬಿಸಿ ಬಿಸಿ ಗೋಳಿಬಜೆ ತಂದಿಟ್ಟಳು. ಟೇಪಿನ ಸದ್ದು ಇನ್ನೂ ಹೆಚ್ಚು ಮಾಡಿದಳು, ನಾವು ಸಂತೋಷಪಡಲಿ ಎಂದು.

ಅಪ್ಪಯ್ಯ ಗೋಳಿಬಜೆ ತಿಂದು, ಕೈ ತೊಳೆದು, ಕ್ಯಾಸೆಟ್ಟನ್ನು ಮತ್ತೆ ಚೀಲಕ್ಕೆ ಹಾಕಿ ಎದ್ದರು. ಹೇಳುವುದಾದರೂ ಏನು? ನಿಮ್ಮ ಮನೆಯ ಟೇಪಿನಲ್ಲಿರುವುದು ಕಳವಿನ ಮಾಲು ಎನ್ನುವುದೇ? ಅದನ್ನು ಕೊಟ್ಟವಳು ಅಮ್ಮನೇ, ತಂದುಕೊಟ್ಟವಳು ನಾನೇ. ಹೊಸತು ಯಾಕೆ ಬೇಕು ಎಂಬುದಕ್ಕೆ ನಮ್ಮ ಹತ್ತಿರ ಒಂದೇ ಒಂದು ಉತ್ತರವಿತ್ತು. ಅದನ್ನು ಅಮ್ಮ ಆಡಬಾರದು ಎಂದಿದ್ದಳು.

ಎಲ್ಲ ಮನೆಯಲ್ಲೂ ಇದೇ ಆಯಿತು. ಹೊಗಳಿದರು, ಕೂರಿಸಿದರು, ಉಪಚಾರ ಮಾಡಿದರು. ಕೆಲವರು ಇನ್ನೂ ಮುಂದೆ ಹೋಗಿ, ತಾವು ಎಷ್ಟು ಜನರಿಗೆ ಅಮ್ಮನ ಹಾಡು ತುಂಬಿಸಿಕೊಟ್ಟಿದ್ದೇವೆ ಎಂದು ಹೆಮ್ಮೆಯಿಂದ ಲೆಕ್ಕ ಕೊಟ್ಟರು. ಹಾಲಾಡಿಯ ಅತ್ತಿಗೆಗೆ, ಸಾಲಿಗ್ರಾಮದ ತಂಗಿಗೆ, ಮುಂಬಯಿಯ ಮಗನಿಗೆ. ನಮ್ಮ ಮೇಲಿನ ಪ್ರೀತಿಯಿಂದಲೇ ಮಾಡಿದ್ದು. ಆ ಪ್ರೀತಿ ಕೇಳುತ್ತ ಕೇಳುತ್ತ ನನಗೆ ಕಿರುಚಬೇಕೆನಿಸುತ್ತಿತ್ತು. ಸ್ವಲ್ಪ ಜನ ದಾಕ್ಷಿಣ್ಯಕ್ಕೆ ತೆಗೆದುಕೊಂಡರು ನಿಜ. ಚೀಲ ಮಾತ್ರ ಹಗುರಾಗಲಿಲ್ಲ.

ಕೊನೆಗೆ ಒಬ್ಬ ಹಿರಿಯ ಹೆಂಗಸು ಎಲೆಯಡಿಕೆ ಜಗಿಯುತ್ತ ಅಪ್ಪಯ್ಯನ ಮುಖಕ್ಕೇ ಕೇಳಿದಳು: “ಎಂತ ಮಾರಾಯಾ, ಗುಲಾಬಿ ಈಗ ಶೋಭಾನೆ ಮಾರೂಕ್ ಸುರು ಮಾಡ್ಳಾ?”

ಆ ಮಾತು ನಮಗಿಂತ ಮೊದಲು ಮನೆ ಸೇರಿತ್ತು. ನಾವು ಹೋಗುವಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಒಡೆದ ದನಿಯಲ್ಲಿ, ಒಂದೊಂದೇ ಶಬ್ದ ಕಿತ್ತು ತೆಗೆದಂತೆ ಹೇಳಿದಳು: “ಹಾಡ್ ಹೇಳಿದ್ದಕ್ಕ್ ನಾನ್ ಯಾರತ್ರೂ ಕೈ ಚಾಚಿದವ್ಳಲ್ಲ. ನೀವಿಬ್ರೂ ಸೇರಿ ನನ್ನ್ ಮರ್ಯಾದಿ ತೆಗ್ದ್ರಿ.”

“ನಿನ್ನ್ ದನಿಗೋಸ್ಕರ ಮಾಡದ್ದ್ ಹೆಣೆ,” ಎಂದರು ಅಪ್ಪಯ್ಯ.

“ದನಿ ಹೋರೆ ಹೋಯ್ಲಿ.”

ಅಪ್ಪಯ್ಯ ಚೀಲಗಳನ್ನು ಮೂಲೆಯಲ್ಲಿಟ್ಟು ಹೊರಗೆ ಮಳೆಯಲ್ಲಿ ಹೋಗಿ ನಿಂತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಆಗ ಎಲ್ಲರ ಮೇಲೂ ಸಿಟ್ಟು ಬಂದಿತ್ತು, ಹಾಡು ಕೇಳುವ ಊರಿನ ಮೇಲೆ, ಪೆಟ್ಟಿಗೆ ತೋರಿಸಿದ ಶೇಖರಣ್ಣನ ಮೇಲೆ, ದುಡ್ಡು ಮುಟ್ಟದ ಅಮ್ಮನ ಮೇಲೆ ಎಲ್ಲರಿಗಿಂತ ಹೆಚ್ಚು.

ಇನ್ನು ಉಳಿದದ್ದು ನಾವೇ ತುಂಬಿಸಿಕೊಳ್ಳುವುದು. ಅಪ್ಪಯ್ಯ ಎದುರು ಮನೆಯಿಂದ ಟೇಪು ಕೇಳಿ ತಂದರು, ಖಾಲಿ ಕ್ಯಾಸೆಟ್ ಒಂದನ್ನು ಹೊಸದಾಗಿ ಕೊಂಡರು. ಬಾಗಿಲು, ಕಿಟಕಿ ಹಾಕಿ ಅಮ್ಮನ ಮುಂದೆ ಇಟ್ಟರು. ಬೇರೆ ಹಾಡೆಲ್ಲ ಹೋಗಲಿ, ಹೆಣ್ಣು ಒಪ್ಪಿಸುವ ಹಾಡೊಂದನ್ನು ಹೇಳು ಎಂದು ಕೈಮುಗಿದರು. ಉಳಿದವನ್ನು ಚಿಕ್ಕಮ್ಮ ತಪ್ಪೋ ಒಪ್ಪೋ ಹೇಳಬಲ್ಲಳು. ಒಪ್ಪಿಸುವ ಹಾಡು ಮಾತ್ರ ಅಮ್ಮನಿಗೆ ಅವಳ ಅಮ್ಮನಿಂದ ಬಂದದ್ದು. ಅದಕ್ಕೆ ಸೊಲ್ಲು ಕೊಡುವವರಿಲ್ಲ, ಒಬ್ಬಳೇ ಹೇಳಬೇಕು. ಹೆಣ್ಣು ಕೊಡುವ ಮನೆಯವರು ಗಂಡಿನ ಮನೆಯವರಿಗೆ ಹೇಳಿಕೊಳ್ಳುವ ಮಾತುಗಳು ಅದರಲ್ಲಿ: ಇವಳಿಗೆ ಗಂಜಿ ಬಿಸಿ ಇರಬೇಕು, ಮೀನಿನ ಮುಳ್ಳು ತೆಗೆಯಲು ಇನ್ನೂ ಸರಿಯಾಗಿ ಬರುವುದಿಲ್ಲ, ಗುಡುಗಿದರೆ ಹೆದರುತ್ತಾಳೆ, ಬೈಯಬೇಡಿ. ಪ್ರತಿ ನುಡಿಯ ಮೊದಲಿಗೆ ಮದುಮಗಳ ಹೆಸರು ಹಿಡಿದು ಕರೆಯಬೇಕು. ಮದುವೆಗಳಲ್ಲಿ ಈ ಹಾಡಿನ ಹೊತ್ತಿಗೆ ನಾವು ಮಕ್ಕಳು ಹೊರಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗಕ್ಕೆ ಜಗಳವಾಡುತ್ತಿದ್ದೆವು. ಹಾಗಾಗಿ ನನಗೆ ಅದು ಬರುತ್ತಿರಲಿಲ್ಲ.

ಅಮ್ಮ ಟೇಪನ್ನು ದೂರ ತಳ್ಳಿದಳು. “ಮದಿ ಇಲ್ದಿಪ್ಪ ಮನಿಯಂಗೆ ಆ ಹಾಡ್ ಹೇಳುಕಾಗ. ಅದೂ ಆಸಾಡಿಯಂಗೆ. ಬೆಳ್ದ್ ಬಪ್ಪ ಹೆಣ್ಣ್ ಎದ್ರಿಗಿತ್ತ್.”

ಮದುವೆಯಿಲ್ಲದ ಮನೆಯಲ್ಲಿ ಒಪ್ಪಿಸುವ ಹಾಡು ಹೇಳಿದರೆ ಆ ಮನೆಯ ಹೆಣ್ಣು ಮತ್ತೆ ಮನೆಗೆ ಉಳಿಯುವುದಿಲ್ಲ ಎಂದು ಅವಳ ನಂಬಿಕೆ. ಮದುವೆ ಮಾಡಿಕೊಂಡು ಹೋಗುತ್ತಾಳೆ ಎಂದಲ್ಲ, ಉಳಿಯುವುದಿಲ್ಲ ಅಷ್ಟೆ. ಅಪ್ಪಯ್ಯ ವಾದ ಮಾಡಿದರು, ಬೈದರು, ಊಟ ಬಿಟ್ಟರು. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಅವರಿಗೆ ಏನು ಹೊಳೆಯಿತೋ, ಅಮ್ಮನ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು: “ಮನಿ ಅಲ್ಲದಿದ್ರೆ ಆತ್ತಾ? ನಮ್ಮ್ ಪ್ಲಾಂಟಂಗೆ?”

“ಅದ್ ಮನಿ ಅಲ್ಲ,” ಎಂದಳು ಅಮ್ಮ.

ಮಧ್ಯಾಹ್ನ ಮಳೆ ಒಂದಿಷ್ಟು ಬಿಟ್ಟಿತು. ಬಂದರಿನ ಮೇಲೆ ಬಿಸಿಲು ಕೂಡ ಬಂತು. ಅಪ್ಪಯ್ಯ ಯಜಮಾನರಿಂದ ಬೀಗದ ಕೈ ತಂದರು, ಟೇಪಿಗೆ ಹೊಸ ಸೆಲ್ಲು ಹಾಕಿದರು. ಮೂವರೂ ಓಡಿದ ಹಾಗೆ ನಡೆದೆವು. ಐಸ್ ಪ್ಲಾಂಟಿನೊಳಗೆ ಅಮೋನಿಯಾದ ಹಳೆಯ ವಾಸನೆ, ತುಕ್ಕಿನ ವಾಸನೆ, ಕತ್ತಲೆ. ಐಸ್ ಹಾಕುವ ಕಬ್ಬಿಣದ ಡಬ್ಬಿಗಳು ಸಾಲಾಗಿ ಮಗುಚಿಕೊಂಡಿದ್ದವು. ಅಮ್ಮ ಅದರಲ್ಲೊಂದರ ಮೇಲೆ ಕೂತಳು. ಸೀರೆಯ ಸೆರಗು ಸರಿಮಾಡಿಕೊಂಡು, ಮದುವೆ ಮನೆಯಲ್ಲಿ ಮಾಡುವ ಹಾಗೆಯೇ ಸುತ್ತ ನೋಡಿದಳು.

“ಯಾರ್ ಹೆಸ್ರ್ ಹೇಳುದ್? ಹೆಣ್ಣ್ ಬೇಕಲೆ ಎದ್ರಿಗೆ,” ಎಂದಳು.

ಅಮ್ಮ ನನ್ನನ್ನು ನೋಡಿದಳು. ಬಾ ಎಂದು ಕೈಮಾಡಿ ಎದುರಿಗೆ ನಿಲ್ಲಿಸಿಕೊಂಡಳು. ನನ್ನ ಎರಡೂ ಕೈ ಹಿಡಿದಳು. ಅಷ್ಟು ದಿನ ಯಾವುದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದಳೋ ಅದನ್ನೇ ಮಾಡಲು ಹೊರಟಿದ್ದಳು. ಅಪ್ಪಯ್ಯ ಟೇಪಿನ ಎರಡೂ ಗುಂಡಿ ಒಟ್ಟಿಗೆ ಒತ್ತಿದರು.

ಅಮ್ಮ ‘ಸುಮತಿ’ ಎಂದು ನನ್ನ ಹೆಸರು ಹಿಡಿದು ಹಾಡು ಎತ್ತಿದಳು. ಒಡೆದ ದನಿಯೇ, ಆದರೆ ಧಾಟಿ ತಪ್ಪಲಿಲ್ಲ. ಅದೇ ಹೊತ್ತಿಗೆ ಕಡಲಿನ ಕಡೆಯಿಂದ ಮಳೆ ಬಂದು ತಗಡಿನ ಮಾಡಿನ ಮೇಲೆ ಬಿತ್ತು. ನಮ್ಮ ಕಡೆಯ ಆಷಾಢದ ಮಳೆ ಗೊತ್ತಿದ್ದವರಿಗೆ ಹೇಳುವುದು ಬೇಡ. ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳುವುದಿಲ್ಲ. ಅಮ್ಮನ ತುಟಿ ಆಡುವುದು ಕಾಣುತ್ತಿತ್ತು, ಕೊರಳಿನ ನರ ಉಬ್ಬುವುದು ಕಾಣುತ್ತಿತ್ತು. ಅವಳು ನಿಲ್ಲಿಸಲಿಲ್ಲ. ಅಪ್ಪಯ್ಯ ಟೇಪನ್ನು ಎತ್ತಿ ಅವಳ ಬಾಯಿಯ ಹತ್ತಿರ ಹಿಡಿದರು, ತಮ್ಮ ಅಂಗಿ ಬಿಚ್ಚಿ ಅವಳ ತಲೆಗೂ ಟೇಪಿಗೂ ಸೇರಿಸಿ ಮುಚ್ಚಿದರು. ಮಳೆಯನ್ನು ಬೈದರು, ದೇವರನ್ನು ಬೈದರು. ಎರಡು ನುಡಿಯೋ ಮೂರು ನುಡಿಯೋ ಆಗಿರಬೇಕು, ಅಮ್ಮನಿಗೆ ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಸೆರಗಿನ ಮೇಲೆ ರಕ್ತದ ಕಲೆಯಾಯಿತು. “ಸಾಕ್,” ಎಂದಳು. ಅದು ಕೇಳಿಸಲಿಲ್ಲ, ಕೈಸನ್ನೆಯಿಂದ ಗೊತ್ತಾಯಿತು.

ಮರುದಿನ ಬೆಳಗಿನ ಬಸ್ಸಿಗೆ ಅವರಿಬ್ಬರೂ ಹೋದರು. ತಿರುಗಿ ಬಂದಾಗ ಅಮ್ಮನ ಕೊರಳಿಗೆ ಬಿಳಿ ಬಟ್ಟೆ ಸುತ್ತಿತ್ತು. ಡಾಕ್ಟರು ಹೇಳಿದ ಹಾಗೆ ಪಿಸುಮಾತೊಂದು ಉಳಿಯಿತು. ಸುದ್ದಿ ಗೊತ್ತಾದ ಮೇಲೆ ಜಲಜಕ್ಕ ಎದೆ ಬಡಿದುಕೊಂಡು ಅತ್ತಳು. “ಒಂದ್ ಮಾತ್ ಹೇಳುಕಾಗ್ದಾ? ಕೇರಿಗ್ ಕೇರಿಯೇ ತಕಂತಿತ್ತಲೆ,” ಎಂದಳು. ಸುಳ್ಳು ಹೇಳುವ ಹೆಂಗಸಲ್ಲ ಅವಳು, ಖಂಡಿತ ಎಲ್ಲರೂ ತೆಗೆದುಕೊಳ್ಳುತ್ತಿದ್ದರು. ಅಮ್ಮ ಮತ್ತೆ ಹೆಡಿಗೆ ಹೊತ್ತಳು, ಕೂಗುವ ಬದಲು ಬಾಗಿಲು ತಟ್ಟಿ ಮಾರಿದಳು. ಅಪ್ಪಯ್ಯ ಉಳಿದ ಕ್ಯಾಸೆಟ್ಟುಗಳನ್ನು ಶೇಖರಣ್ಣನಿಗೆ ಮರಳಿಸಿದರು. ಅವರು ಅಂಗಡಿ ಮುಚ್ಚಿ, ತಾವು ಮಾಡಿದ ಕ್ಯಾಸೆಟ್ಟುಗಳ ಹಕ್ಕನ್ನೆಲ್ಲ ಯಾರಿಗೋ ಬರೆದುಕೊಟ್ಟು ಮುಂಬಯಿಗೆ ಹೋದರಂತೆ. ಅವರ ಮೇಲೆ ಈಗ ನನಗೆ ಸಿಟ್ಟಿಲ್ಲ.

ನನ್ನ ಮದುವೆಯಾದದ್ದು ಅದಾಗಿ ಎಂಟೊಂಬತ್ತು ವರ್ಷಕ್ಕೆ. ಅಷ್ಟು ಹೊತ್ತಿಗೆ ಭಾಗ ಒಂದು ಸೀಡಿಗೆ ಏರಿತ್ತು, ಯಾರೋ ಯಾರಿಂದಲೋ ತುಂಬಿಸಿಕೊಂಡದ್ದು. ಮದುವೆ ಮಂಟಪದಲ್ಲಿ ಅರಿಶಿನದಿಂದ ಧಾರೆಯವರೆಗೂ ಅಮ್ಮನೇ ಹಾಡಿದಳು. ಅಲ್ಲಿಂದ ಮುಂದೆ ಮೈಕಿನವರು ಯಾವುದೋ ಸಿನಿಮಾ ಹಾಡು ಹಾಕಿದರು, ಅಪ್ಪಯ್ಯ ಹೋಗಿ ನಿಲ್ಲಿಸಿ ಬಂದರು. ಅಮ್ಮ ನನ್ನ ಕೈಯನ್ನು ಅತ್ತೆಯ ಕೈಗೆ ಕೊಡುವಾಗ ಕಿವಿಯ ಹತ್ತಿರ ಬಾಯಿ ತಂದು ಏನೋ ಹೇಳತೊಡಗಿದಳು. ಗಂಜಿಯ ಮಾತು, ಮುಳ್ಳಿನ ಮಾತು, ಗುಡುಗಿನ ಮಾತು. ನುಡಿಗಳು ಒಂದೂ ತಪ್ಪಿರಲಿಲ್ಲ. ಧಾಟಿ ಇರಲಿಲ್ಲ, ಉಸಿರು ಮಾತ್ರ. ಎದುರು ನಿಂತ ಅತ್ತೆಗೂ ಅದು ಕೇಳಿಸಲಿಲ್ಲ.

ಆಮೇಲೆ ಮೊಬೈಲ್ ಬಂತು. ಯಾವ ಪುಣ್ಯಾತ್ಮನೋ ಅಮ್ಮನ ಕ್ಯಾಸೆಟ್ಟನ್ನು ಇಂಟರ್ನೆಟ್ಟಿಗೆ ಹಾಕಿದ. ಹಾಡಿನ ನಡುವೆ ಹುಂಜದ ಕೂಗು ಕೇಳಿ ಅದು ಜಲಜಕ್ಕನ ಮನೆಯ ಕ್ಯಾಸೆಟ್ಟಿನಿಂದ ಇಳಿದದ್ದೇ ಎಂದು ನನಗೆ ಗೊತ್ತಾಯಿತು. ಹಾಡಿದವರು ಯಾರೆಂದು ಹಾಕಿರಲಿಲ್ಲ. ಅಮ್ಮ ಬೈಂದೂರಿಗೆ ನನ್ನ ಗಂಡನ ಮನೆಗೆ ಬಂದಾಗಲೆಲ್ಲ ಜಗಲಿಯಲ್ಲಿ ಕೂತು ಅದನ್ನು ಹಚ್ಚಿಸಿಕೊಂಡು ಕೇಳುತ್ತಿದ್ದಳು. ದುಬೈಯಲ್ಲಿದ್ದವರು, ಪುಣೆಯಲ್ಲಿದ್ದವರು ಕೆಳಗೆ ಬರೆದದ್ದನ್ನು ನಾನು ಓದಿ ಹೇಳುತ್ತಿದ್ದೆ. ಒಂದು ದಿನ ಹಚ್ಚಿದರೆ ಪರದೆಯೆಲ್ಲ ಕಪ್ಪು. ಹಕ್ಕುಸ್ವಾಮ್ಯದ ದೂರಿನ ಮೇರೆಗೆ ತೆಗೆದುಹಾಕಲಾಗಿದೆ ಎಂದಿತ್ತು. ಶೇಖರಣ್ಣನಿಂದ ಕೈ ಬದಲಾಗಿ ಬದಲಾಗಿ ಆ ಹಕ್ಕು ಈಗ ಯಾರದ್ದೋ ಆಗಿದೆ, ಅವರು ನಮ್ಮ ಊರನ್ನು ನೋಡಿದ್ದಾರೋ ಇಲ್ಲವೋ. ಅವರೂ ಅದನ್ನು ಹೊರತರಲಿಲ್ಲ. ನಾನು ಅಮ್ಮನಿಗೆ ಅರ್ಥವಾಗುವ ಹಾಗೆ ಹೇಳಲು ನೋಡಿದೆ.

“ನಾ ಹಾಡದ್ ನಾನೇ ಕೇಂಬುಕಾಗ್ದಾ?” ಎಂದು ಪಿಸುಗುಟ್ಟಿದಳು.

ಹಾಡಿಗೆ ಬೇಲಿ ಹಾಕಬೇಕೋ, ಬೇಕಾದವರು ಬೇಕಾದ ಹಾಗೆ ಇಳಿಸಿಕೊಳ್ಳಬಹುದೋ ಎಂದು ಈಗ ಬಲ್ಲವರು ಪತ್ರಿಕೆಗಳಲ್ಲಿ ಬರೆಯುತ್ತಾರೆ. ನಾನು ಎರಡೂ ಕಡೆಯವರ ಮಾತು ಓದುತ್ತೇನೆ, ಇಬ್ಬರ ಮೇಲೂ ಸಿಟ್ಟು ಬರುತ್ತದೆ. ಬೇಲಿ ಇಲ್ಲದ್ದಕ್ಕೆ ನಮಗೆ ಭಾಗ ಎರಡು ಸಿಗಲಿಲ್ಲ. ಬೇಲಿ ಬಂದದ್ದಕ್ಕೆ ಭಾಗ ಒಂದೂ ಹೋಯಿತು. ಊರೆಲ್ಲ ಹುಡುಕಿದರೆ ಎಲ್ಲಾದರೂ ಒಂದು ಕ್ಯಾಸೆಟ್ ಸಿಗಬಹುದು ಎಂದು ಹುಡುಕಿದೆ. ಟೇಪುಗಳನ್ನು ಗುಜರಿಗೆ ಹಾಕುವಾಗ ಅವನ್ನೂ ಹಾಕಿದ್ದಾರೆ, ಸೀಡಿಗಳೂ ಉಳಿದಿಲ್ಲ. ಜಲಜಕ್ಕನ ಮನೆಯಲ್ಲಿ ಈಗ ಅವಳೂ ಇಲ್ಲ.

ಐಸ್ ಪ್ಲಾಂಟಿನ ಕ್ಯಾಸೆಟ್ಟು ಮಾತ್ರ ನನ್ನ ಹತ್ತಿರ ಇದೆ. ಅಪ್ಪಯ್ಯ ಸಾಯುವ ಮೊದಲು ಕೊಟ್ಟದ್ದು. ಕಳೆದ ವರ್ಷ ಕುಂದಾಪುರದಲ್ಲಿ ಸೌಂಡ್ ಸಿಸ್ಟಮ್ ಅಂಗಡಿ ಇಟ್ಟವರೊಬ್ಬರು ಅದನ್ನು ಕಂಪ್ಯೂಟರಿಗೆ ಹಾಕಿ, ಮಳೆಯ ಸದ್ದನ್ನು ತೆಗೆದು ನೋಡುತ್ತೇನೆ ಎಂದರು. ಎರಡು ದಿನ ಬಿಟ್ಟು ಕರೆದು, “ಮಳೆ ತೆಗ್ದ್ರೆ ಅಮ್ಮನೂ ಹೋತ್ರ್ ಅಕ್ಕ. ಎರಡೂ ಒಂದೇ ಆಯ್ ಹೋಯಿತ್,” ಎಂದರು. ಇದ್ದ ಹಾಗೆಯೇ ಕೊಡಿ ಎಂದು ತಂದೆ. ಅದರ ಮೇಲೆ ಯಾವ ಕಂಪೆನಿಯ ಹಕ್ಕೂ ಇಲ್ಲ, ಕೇಳಿದವರಿಗೆಲ್ಲ ಕಳಿಸುತ್ತೇನೆ, ಯಾರು ಯಾರಿಗೆ ಬೇಕಾದರೂ ಕೊಡಬಹುದು. ಮೊದಲಿಗೆ ನನ್ನ ಹೆಸರು ಕೇಳುತ್ತದೆ. ಆಮೇಲೆ ಕೊನೆಯವರೆಗೂ ಮಳೆ.